ಫೋರ್ ವೀಲ್ ಹಾಕಿದ ಪಿಕಪ್ ತಿರುವಿನಲ್ಲಿ ಹೇಗೆ? ಆರು ವರ್ಷ ವಿ-ಕ್ರಾಸ್ ಓಡಿಸಿದ ಮೇಲೆ

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಆರು ವರ್ಷದಿಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಓಡಿಸುತ್ತಿದ್ದೇನೆ. 92 ಸಾವಿರ ಕಿಲೋಮೀಟರ್ ಆಯಿತು. ಗೊಬ್ಬರ, ಕಾಫಿ ಮೂಟೆ, ಪೈಪು, ಮದುವೆ ಮನೆಯ ಪಾತ್ರೆ, ಎಲ್ಲಕ್ಕೂ ಇದೇ ಗಾಡಿ. ಎಂಜಿನ್, ಮೈಲೇಜ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಫೋರ್ ವೀಲ್ ಹಾಕಿದಾಗ, ಅಂದರೆ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವಾಗ, ತಿರುವಿನಲ್ಲಿ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಅನ್ನೋದನ್ನಷ್ಟೇ ನಾನು ಹೇಳುತ್ತೇನೆ. ಕೊಳ್ಳುವಾಗ ನನಗೆ ಇದು ಗೊತ್ತಿರಲಿಲ್ಲ.

ಮೊದಲ ಮಳೆಗಾಲ. ತೋಟದ ಕೆಸರು ಏರು ಹತ್ತಿ 4ಎಚ್‌ನಲ್ಲೇ (ಮಾಮೂಲಿ ವೇಗದ ಫೋರ್ ವೀಲ್) ಟಾರ್ ರಸ್ತೆಗೆ ಬಂದೆ. ಟೂ ವೀಲ್‌ಗೆ ನಾಬ್ ತಿರುಗಿಸಲು ಮರೆತಿದ್ದೆ. ಪೇಟೆಯಲ್ಲಿ ಗಾಡಿ ನಿಲ್ಲಿಸೋಣ ಅಂತ ಸ್ಟೇರಿಂಗ್ ಫುಲ್ ಕಟ್ ಹೊಡೆದೆ. ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಗಾಡಿ ನಿಂತಿತು. ಹ್ಯಾಂಡ್‌ಬ್ರೇಕ್ ಹಾಕಿಲ್ಲ. ಆಕ್ಸಿಲರೇಟರ್ ಒತ್ತಿದರೆ ಟೈರ್ ಕಿರ್ರ್ ಅಂತು, ಕೆಳಗಿನಿಂದ ದಡಕ್ ಅಂತ ಒಂದು ಏಟು. ಏನೋ ಮುರಿದೇ ಹೋಯಿತು ಅಂದುಕೊಂಡೆ.

ಆ ಬೇಸಿಗೆಯಲ್ಲಿ ಕಾಫಿ ಒಣಗಿಸಿ ಮುಗಿದ ಮೇಲೆ ಯಾಕೆ ಹೀಗಾಯಿತು ಅಂತ ನಮ್ಮ ಸಿಮೆಂಟ್ ಕಣದಲ್ಲೇ ನೋಡಿದೆ. ಪೈಪಿನಿಂದ ನಾಲ್ಕೂ ಟೈರಿಗೆ ನೀರು ಬಿಟ್ಟು, 2ಎಚ್‌ನಲ್ಲಿ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ) ಫುಲ್ ಕಟ್ ಹೊಡೆದು ಅರ್ಧ ಸುತ್ತು ಹಾಕಿದೆ. ಕಣದ ಮೇಲೆ ನಾಲ್ಕು ಒದ್ದೆ ಗೆರೆ ಮೂಡಿದವು. ಮುಂದಿನ ಹೊರಗಡೆ ಚಕ್ರದ ಗೆರೆ ದೂರ, ಅದೇ ಬದಿಯ ಹಿಂದಿನ ಚಕ್ರದ್ದು ಒಂದು ಮಾರಿನಷ್ಟಿಲ್ಲದಿದ್ದರೂ ಚೆನ್ನಾಗಿ ಒಳಗೆ. ಹಗ್ಗ ಇಟ್ಟು ಅಳೆದರೆ ಮುಂದಿನ ಚಕ್ರ ಹಿಂದಿನದಕ್ಕಿಂತ ಎರಡೂವರೆ ಮೀಟರ್‌ಗೂ ಜಾಸ್ತಿ ಓಡಿತ್ತು! ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ 3 ಮೀಟರ್‌ಗಿಂತ ಜಾಸ್ತಿ ಅಂತರ ಇರುವ ಉದ್ದನೆ ಗಾಡಿ ಅಲ್ವಾ, ವ್ಯತ್ಯಾಸವೂ ಅಷ್ಟೇ ದೊಡ್ಡದು.

2ಎಚ್‌ನಲ್ಲಿ ಮುಂದಿನ ಚಕ್ರಗಳು ತಮ್ಮ ಪಾಡಿಗೆ ಉರುಳುತ್ತವೆ, ಹಾಗಾಗಿ ತೊಂದರೆ ಇಲ್ಲ. 4ಎಚ್ ಹಾಕಿದರೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಟ್ಟಿಗೆ ಲಾಕ್ ಆಗುತ್ತವೆ. ಎಡ ಬಲ ಚಕ್ರಗಳ ನಡುವೆ ಡಿಫರೆನ್ಷಿಯಲ್ (ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇದೆ, ಮುಂದೆ ಹಿಂದೆ ನಡುವೆ ಇಲ್ಲ. ಎರಡೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಕೆಸರಲ್ಲಾದರೆ ಟೈರ್ ಸ್ವಲ್ಪ ಜಾರಿ ಬಿಗಿ ಬಿಟ್ಟುಹೋಗುತ್ತದೆ. ಟಾರಿನಲ್ಲಿ ಟೈರ್ ಜಾರಲ್ಲ, ಬಿಗಿಯೆಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ಇದು ವಿ-ಕ್ರಾಸ್‌ನ ದೋಷ ಅಲ್ಲ. ನಮ್ಮಲ್ಲಿ ಸಿಗುವ ಹೈಲಕ್ಸ್, ಥಾರ್, ಜಿಮ್ನಿ ಎಲ್ಲವೂ ಹೀಗೇ. ಹಳೇ ವಿಲ್ಲೀಸ್ ಜೀಪಿನದೂ ಇದೇ ಕಥೆ. ಹೊರದೇಶದಲ್ಲಿ ಮಿತ್ಸುಬಿಷಿ ಟ್ರೈಟನ್‌ನ ಕೆಲವು ಮಾಡೆಲ್‌ಗಳಿಗೆ ನಡುವೆಯೂ ಡಿಫರೆನ್ಷಿಯಲ್ ಇದೆ. ಅವನ್ನು ಟಾರಿನಲ್ಲೂ ಫೋರ್ ವೀಲ್‌ನಲ್ಲೇ ಓಡಿಸಬಹುದು.

ಚಾರ್ಮಾಡಿ ಘಾಟಿಯಲ್ಲಿ ಮಳೆ ಬಂದರೆ 4ಎಚ್ ಹಾಕೋದಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಹಾಕಲ್ಲ. ಒದ್ದೆಯಾದರೂ ಟಾರಿಗೆ ಹಿಡಿತ ಇರುತ್ತದೆ. ಹೇರ್‌ಪಿನ್‌ನಲ್ಲಿ 4ಎಚ್ ಇದ್ದರೆ ಸ್ಟೇರಿಂಗ್ ಭಾರವಾಗಿ, ಗಾಡಿಯ ಮೂತಿ ತಿರುವು ಬಿಟ್ಟು ನೇರ ಹೋಗಲು ನೋಡುತ್ತದೆ. ಹಾಗಂತ 2ಎಚ್‌ನಲ್ಲೂ ಎಚ್ಚರ ಬೇಕು. ಹಿಂದಿನ ಬಾಡಿ ಖಾಲಿ ಇದ್ದರೆ ಹಿಂಭಾಗ ಹಗುರ. ತಿರುವು ಮುಗಿಯುವ ಮುಂಚೆ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರ ಪಕ್ಕಕ್ಕೆ ಜಾರುತ್ತದೆ. ನಾಲ್ಕೈದು ಮೂಟೆ ಲೋಡ್ ಇದ್ದಾಗ ಅದೇ ತಿರುವಿನಲ್ಲಿ ಗಾಡಿ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಖಾಲಿ ಹೋಗುವಾಗ ನಾನು ಬೇಕಂತಲೇ ಇನ್ನೂ ನಿಧಾನ ಮಾಡುತ್ತೇನೆ. ರಸ್ತೆಗೆ ಗುಡ್ಡದ ಮಣ್ಣು ಕೊಚ್ಚಿಕೊಂಡು ಬಂದು ರಾಡಿ ಹರಡಿದ್ದರೆ ಮಾತ್ರ 4ಎಚ್. ಓಡುತ್ತಿರುವಾಗಲೇ ಹಾಕಬಹುದು, ದಾಟಿದ ಕೂಡಲೇ ತೆಗೆಯುತ್ತೇನೆ.

ಕೊಟ್ಟ ದುಡ್ಡು ಸಾರ್ಥಕ ಅನ್ನಿಸೋದು ತೋಟದ ಒಳಗೆ. ಹಳ್ಳದ ಕಡೆ ಇಳಿಯುವ ದಾರಿಯಲ್ಲಿ ಕಡಿದಾದ ಇಳಿಜಾರಿನಲ್ಲೇ ಒಂದು ಎಡ ತಿರುವಿದೆ. ಜುಲೈನಲ್ಲಿ ಅದು ಸೋಪು ಹಚ್ಚಿದ ಹಾಗೆ. 2ಎಚ್‌ನಲ್ಲಿ ಇಳಿದರೆ ಎಂಜಿನ್ ಹಿಡಿಯೋದು ಹಿಂದಿನ ಎರಡು ಚಕ್ರವನ್ನು ಮಾತ್ರ. ಹಿಂಭಾಗ ಜಾರಿ ಗಾಡಿ ಅಡ್ಡ ತಿರುಗುತ್ತದೆ. ಒಮ್ಮೆ ಸಿಲ್ವರ್ ಮರಕ್ಕೆ ಒಂದು ಗೇಣು ಬಿಟ್ಟು ನಿಂತಿದ್ದೆ. ಈಗ ಮೇಲೆಯೇ ನಿಲ್ಲಿಸಿ, ನ್ಯೂಟ್ರಲ್ ಮಾಡಿ 4ಎಲ್ (ನಿಧಾನ ಗತಿಯ ಫೋರ್ ವೀಲ್) ಹಾಕುತ್ತೇನೆ. ಫಸ್ಟ್ ಗೇರಿನಲ್ಲಿ ನಾಲ್ಕೂ ಚಕ್ರ ಹಿಡಿದುಕೊಂಡು ಮೆಲ್ಲಗೆ ಇಳಿಯುತ್ತದೆ. ಬ್ರೇಕ್ ಮುಟ್ಟುವ ಕೆಲಸವೇ ಇಲ್ಲ. ಸ್ಟೇರಿಂಗ್ ತಿರುಗಿಸಿದ ಕಡೆ ಮೂತಿ ಬರುತ್ತದೆ. ಆದರೆ 4ಎಚ್ ಇದೆ ಅಂತ ಕೆಸರು ತಿರುವಿಗೆ ಜೋರಾಗಿ ನುಗ್ಗಬೇಡಿ. ಹೊರಡಲು ಅದು ಸಹಾಯ ಮಾಡುತ್ತದೆ, ಜಾರು ನೆಲದಲ್ಲಿ ಬ್ರೇಕ್ ಹೊಡೆದಾಗ ಅದೂ ಉಳಿದ ಗಾಡಿಗಳ ಹಾಗೇ ಜಾರುತ್ತದೆ.

ಟೈರ್ ಬಗ್ಗೆ ಒಂದು ಮಾತು. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿದರೆ ಸುತ್ತಳತೆ ಬೇರೆಯಾಗಿ, 4ಎಚ್ ಹಾಕಿದಾಗ ನೇರ ರಸ್ತೆಯಲ್ಲೇ ಬಿಗಿ ಶುರುವಾಗುತ್ತದೆ. ನಾನು 10 ಸಾವಿರಕ್ಕೊಮ್ಮೆ ಅದಲು ಬದಲು ಮಾಡಿಸುತ್ತೇನೆ, ಬದಲಿಸಿದರೆ ನಾಲ್ಕನ್ನೂ ಒಟ್ಟಿಗೆ. ಬರೀ ಟಾರ್ ರಸ್ತೆಯಲ್ಲಿ ಓಡಾಡುವವರಿಗೆ ಟೂ ವೀಲ್ ವಿ-ಕ್ರಾಸ್ ಕೂಡ ಬಂದಿದೆ, ಅದೇ ಸಾಕು.

ನಾಬ್ 2ಎಚ್‌ಗೆ ತಂದರೂ ಮೀಟರಿನ ಫೋರ್ ವೀಲ್ ದೀಪ ಆರದಿದ್ದರೆ ಗಾಬರಿ ಆಗಬೇಡಿ. ಬಿಗಿ ಇನ್ನೂ ಬಿಟ್ಟಿಲ್ಲ ಅಷ್ಟೇ. ಸ್ಟೇರಿಂಗ್ ನೇರ ಮಾಡಿ ಹತ್ತು ಅಡಿ ರಿವರ್ಸ್ ತೆಗೆಯಿರಿ. ಟಕ್ ಅಂತ ಸಣ್ಣ ಸದ್ದಾಗಿ ದೀಪ ಆರುತ್ತದೆ. ನಾನು ತೋಟದ ಗೇಟಿನ ಹತ್ತಿರವೇ ಇದನ್ನು ನೋಡಿಕೊಂಡು ಟಾರಿಗೆ ಹತ್ತಿಸುತ್ತೇನೆ.