ಅಂಗಳದ ಅಡಿಕೆಗೆ ಯಾರ ಮಾತನ್ನು ನಂಬುವುದು?

ಮಳೆ ಬರುತ್ತದೆಯೋ ಇಲ್ಲವೋ ಎಂದು ಹೇಳುವವರಿಗೆ ಶಿರಸಿ ಸೀಮೆಯಲ್ಲಿ ಎಂದೂ ಬರಗಾಲ ಬಂದದ್ದಿಲ್ಲ. ಮೊಬೈಲಿನಲ್ಲಿ ಯಾರೂ ಕರೆಯದೆಯೇ ಬಂದು ಕುಳಿತಿರುವ ಹವಾಮಾನದ ಆ್ಯಪ್, ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆ, ಗೋಡೆಯ ಮೊಳೆಗೆ ತೂಗುವ ಪಂಚಾಂಗ ಮತ್ತು ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ನಮ್ಮ ತೋಟದ ಕೊನೆಗೌಡ, ಈ ನಾಲ್ವರೂ ಬೆಳಗಿನ ಏಳು ಗಂಟೆಗೆ ಹೇಳಿದ್ದನ್ನು ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಬರೆದಿಟ್ಟು, ಸಂಜೆ ಅಂಗಳದ ಸ್ಥಿತಿಯೊಂದಿಗೆ ತಾಳೆ ನೋಡುವ ಕೆಲಸಕ್ಕೆ ನಾನು ಕೈಹಾಕಿದ್ದು ಒಂದು ಸುದ್ದಿಯ ದೆಸೆಯಿಂದ. ಗೂಗಲ್ ಡೀಪ್‌ಮೈಂಡ್ ರೂಪಿಸಿದ ಗ್ರಾಫ್‌ಕಾಸ್ಟ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿಯು ಮುಂದಿನ ಹತ್ತು ದಿನಗಳ ಹವಾಮಾನವನ್ನು ಒಂದು ನಿಮಿಷದೊಳಗೆ ಹೇಳಿಬಿಡುತ್ತದೆ ಎಂಬ ಸುದ್ದಿ 2023ರ ನವೆಂಬರಿನಲ್ಲಿ ಬಂದಿತು. ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗುವುದೂ ಅದೇ ತಿಂಗಳಿನಲ್ಲಿ. ಅಡಿಕೆ ಒಣಗಿಸುವವನಿಗೆ ಉತ್ತರ ಒಂದು ನಿಮಿಷದಲ್ಲಿ ಬೇಕೆಂದೇನೂ ಇಲ್ಲ. ಸರಿಯಾಗಿದ್ದರೆ ಒಂದು ತಾಸು ತಡವಾದರೂ ಆದೀತು.

ಹೋಲಿಕೆಗೆ ನಾನು ಹಾಕಿಕೊಂಡ ನಿಯಮ ಒಂದೇ: ಮಳೆಗಾಲದ ನಡುವಿನ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಆಷಾಢದಲ್ಲಿ ಪರೀಕ್ಷೆ ಇಟ್ಟರೆ ಎಲ್ಲರೂ ಪಾಸಾಗುತ್ತಾರೆ. ‘ಇಂದು ಮಳೆ’ ಎಂದು ಬರೆದ ಹಲಗೆಯೊಂದನ್ನು ಜುಲೈ ಪೂರ್ತಿ ಬೇಲಿಯ ದಣಪೆಗೆ ತೂಗುಹಾಕಿದರೆ ಅದು ಯಾವ ಸೂಪರ್ ಕಂಪ್ಯೂಟರಿಗೂ ಸೋಲುವುದಿಲ್ಲ. ಹವಾಮಾನ ತಜ್ಞರು ಕೂಡ ಮುನ್ಸೂಚನೆಯ ಯೋಗ್ಯತೆಯನ್ನು ಅಳೆಯುವಾಗ ಆಯಾ ಕಾಲದ ಸರಾಸರಿಯನ್ನು ಪಕ್ಕದಲ್ಲಿಟ್ಟುಕೊಂಡು, ಅದಕ್ಕಿಂತ ಎಷ್ಟು ಹೆಚ್ಚು ತಿಳಿಸಿತು ಎಂಬುದನ್ನಷ್ಟೇ ಜಾಣತನವೆಂದು ಎಣಿಸುತ್ತಾರೆ. ಆದುದರಿಂದ ನಾನು ಹಿಡಿದದ್ದು ಮೇ ಕೊನೆಯ ದಿನಗಳು, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು, ಅಂದರೆ ಆಕಾಶಕ್ಕೇ ತನ್ನ ಮನಸ್ಸು ತಿಳಿಯದ ಕಾಲ.

ಮೊಬೈಲಿನ ಆ್ಯಪ್ ನೋಡಲು ನಾಲ್ವರಲ್ಲಿ ಅತ್ಯಂತ ಚಂದ. ಆದರೆ ಅದು ಹೇಳುವ ‘ಶೇಕಡಾ 40 ಮಳೆ’ ಎಂಬುದಕ್ಕೆ ನಮ್ಮ ಮನೆಯೊಂದರಲ್ಲಿಯೇ ಮೂರು ವ್ಯಾಖ್ಯಾನಗಳು ಹುಟ್ಟಿಕೊಂಡವು. ಅಂಗಳದ ಅರ್ಧಕ್ಕಿಂತ ಕಡಿಮೆ ಭಾಗ ತೋಯುತ್ತದೆ ಎಂದು ತಮ್ಮ, ಹಗಲಿನಲ್ಲಿ ನಾಲ್ಕೈದು ತಾಸು ಹೊಯ್ಯುತ್ತದೆ ಎಂದು ನನ್ನ ಹೆಂಡತಿ, ‘ಅದಕ್ಕೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ’ ಎಂದು ಆಯಿ. ಇಂಥದೇ ಲಕ್ಷಣಗಳಿರುವ ಹತ್ತು ದಿನಗಳಲ್ಲಿ ಸುಮಾರು ನಾಲ್ಕು ದಿನ ಈ ಜಾಗದಲ್ಲಿ ಮಳೆ ಬೀಳುತ್ತದೆ ಎಂಬುದು ಅದರ ನಿಜವಾದ ಅರ್ಥ. ಆಯಿಯ ಮಾತು ಅದಕ್ಕೆ ಎಲ್ಲರಿಗಿಂತ ಹತ್ತಿರವಾಗಿತ್ತು. ಈ ಬಗೆಯ ಸಂಖ್ಯೆಯನ್ನು ಒಂದೇ ದಿನದ ಫಲಿತಾಂಶ ನೋಡಿ ಸುಳ್ಳೆನ್ನಲು ಬರುವುದಿಲ್ಲವಾದ್ದರಿಂದ ಆ್ಯಪ್ ಎಂದೂ ಸೋಲುವುದಿಲ್ಲ, ಅಡಿಕೆ ಮಾತ್ರ ತೋಯುತ್ತದೆ. ಅದಕ್ಕಿಂತ ಹೆಚ್ಚು ಕಿರಿಕಿರಿಯ ಸಂಗತಿಯೆಂದರೆ, ಬೆಳಿಗ್ಗೆ ಸೂರ್ಯನನ್ನು ತೋರಿಸಿದ್ದ ಆ್ಯಪ್ ಮಧ್ಯಾಹ್ನ ಹನಿ ಬಿದ್ದೊಡನೆ ಸದ್ದಿಲ್ಲದೆ ಮೋಡದ ಚಿತ್ರ ಹಾಕಿಕೊಂಡು, ತಾನು ಮೊದಲಿನಿಂದಲೂ ಹಾಗೆಯೇ ಹೇಳಿದ್ದೆನೆಂಬ ಮುಖ ಮಾಡುತ್ತದೆ. ಕ್ಯಾಲೆಂಡರಿನ ಶಾಯಿ ಇಲ್ಲದಿದ್ದರೆ ಈ ಆಟ ನನಗೆ ತಿಳಿಯುತ್ತಲೇ ಇರಲಿಲ್ಲ.

ಬರುವ ವಾರದ ಗುರುವಾರ ಮಧ್ಯಾಹ್ನ ಮೂರಕ್ಕೆ ಎಷ್ಟು ಮಿಲಿಮೀಟರ್ ಎಂದು ದಶಾಂಶ ಸಮೇತ ತಿಳಿಸುವ ಧೈರ್ಯವೂ ಅದಕ್ಕಿದೆ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತನ್ನ ಕಂಪ್ಯೂಟರಿಗೆ 0.506127 ಎಂಬ ಸಂಖ್ಯೆಯ ಬದಲು 0.506 ಎಂದಷ್ಟೇ ಊಡಿಸಿ ಬಂದಾಗ, ಲೆಕ್ಕದ ಹವಾಮಾನ ಹಿಂದಿನ ಲೆಕ್ಕದೊಂದಿಗೆ ಸ್ವಲ್ಪ ದೂರ ಒಟ್ಟಿಗೆ ನಡೆದು ಬಳಿಕ ಸಂಪೂರ್ಣ ಬೇರೆ ದಾರಿ ಹಿಡಿದಿತ್ತು. ಅಂದಿನಿಂದ ಮಾದರಿಗಳು ಬಹಳ ಸುಧಾರಿಸಿವೆ ಎಂಬುದರಲ್ಲಿ ಸಂಶಯವಿಲ್ಲ; ನಾಲ್ಕೈದು ದಿನ ಮುಂಚಿನ ಚಂಡಮಾರುತದ ಸುದ್ದಿಯನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ. ಆದರೆ ಹತ್ತನೆಯ ದಿನದ ಮೂರು ಗಂಟೆಯ ಮಳೆ ಬೇರೆ ವಿಷಯ. ಗ್ರಾಫ್‌ಕಾಸ್ಟ್‌ನಂಥ ಮಾದರಿಯು ಭೂಮಿಯನ್ನು 0.25 ಡಿಗ್ರಿಯ, ಅಂದರೆ ಸುಮಾರು 28 ಕಿಲೋಮೀಟರಿನ ಚೌಕಗಳಾಗಿ ಹೆಚ್ಚಿಕೊಳ್ಳುತ್ತದೆ. ಕುಮಟಾ ರಸ್ತೆಯಲ್ಲಿ ದೇವಿಮನೆ ಘಟ್ಟದ ಮಳೆಯನ್ನೂ ಪೇಟೆಯ ಬಿಸಿಲನ್ನೂ ಒಂದೇ ಪ್ರಯಾಣದಲ್ಲಿ ಕಂಡವರಿಗೆ, ಅಂಥ ಒಂದು ಚೌಕಕ್ಕೆ ಒಂದೇ ಸಂಖ್ಯೆ ಎಷ್ಟರ ಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಹವಾಮಾನ ಇಲಾಖೆಯದು ಬೇರೆಯದೇ ಸಮಸ್ಯೆ, ಮತ್ತು ಅದು ಇಲಾಖೆಯ ತಪ್ಪಲ್ಲ. ಅದರ ಲೆಕ್ಕದಲ್ಲಿ ಇಡೀ ಉತ್ತರ ಕನ್ನಡ ಜಿಲ್ಲೆ ‘ಕರಾವಳಿ ಕರ್ನಾಟಕ’ ಉಪವಿಭಾಗಕ್ಕೆ ಸೇರಿದೆ. ಕಡಲನ್ನು ಕಾಣದೆ ಬೆಳೆದ ಮುಂಡಗೋಡ, ಹಳಿಯಾಳದವರೂ ಈ ಕಾರಣದಿಂದ ಕರಾವಳಿಯವರೇ. ಜಿಲ್ಲೆಗೊಂದು ಬಣ್ಣ ಹಚ್ಚುವ ಪದ್ಧತಿಯಿರುವುದರಿಂದ ಕಾರವಾರದ ಸಲುವಾಗಿ ಕೊಟ್ಟ ಕಿತ್ತಳೆ ಎಚ್ಚರಿಕೆ ಬನವಾಸಿಯ ಬಿಸಿಲಿಗೂ ಅನ್ವಯಿಸುತ್ತದೆ. ಇನ್ನೂ ಮುಖ್ಯವಾದದ್ದು ಅಳತೆಗೋಲು. 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ ಮಳೆ, 2.5ರಿಂದ 15.5ರವರೆಗಿನದು ಅದರ ಭಾಷೆಯಲ್ಲಿ ‘ಹಗುರ ಮಳೆ’. ಹೊಳೆ ಉಕ್ಕುವುದನ್ನೂ ಗುಡ್ಡ ಕುಸಿಯುವುದನ್ನೂ ಎದುರುನೋಡುವವರಿಗೆ ಇದು ಸರಿಯಾದ ಅಳತೆ. ಬೇಯಿಸಿ ಹರವಿದ ಕೆಂಪಡಿಕೆಯ ಬಣ್ಣ ಕೆಡಲು, ಸಿಪ್ಪೆ ಸಮೇತ ಹರವಿ ಅರ್ಧ ಒಣಗಿದ ಚಾಲಿ ಅಡಿಕೆಗೆ ಬೂಸು ಹಿಡಿಯಲು ಆ ‘ಹಗುರ ಮಳೆ’ಯೇ ಧಾರಾಳವಾಯಿತು. ಇಲಾಖೆ ಹಗುರವೆಂದ ದಿನವೇ ನಮಗೆ ಅತ್ಯಂತ ಭಾರವಾದದ್ದುಂಟು, ಮತ್ತು ಆ ದಿನ ಇಲಾಖೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಹಾಗೆಂದು ಇಲಾಖೆಯನ್ನು ಕೊನೆಯ ಸ್ಥಾನಕ್ಕೆ ತಳ್ಳಲಾರೆ. ಮಂಗಳವಾರ ಮತ್ತು ಶುಕ್ರವಾರ ‘ಮೇಘದೂತ್’ ಆ್ಯಪ್‌ನಲ್ಲಿ ಬರುವ ಕೃಷಿ ಸಲಹೆ ಮದ್ದು ಹೊಡೆಯುವ ಕೆಲಸಕ್ಕೆ ಬಹಳ ಉಪಯುಕ್ತವೆನಿಸಿತು. ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಮಾಡುವ ಶೇಕಡಾ 1ರ ಬೋರ್ಡೋ ದ್ರಾವಣವು ಗೊನೆಯ ಮೇಲೆ ಒಣಗಿ ಅಂಟಿಕೊಳ್ಳಲು ಮಳೆಯಿಲ್ಲದ ಹೊತ್ತು ಬೇಕು. ಯಾವ ತಾಸಿಗೆ ಮಳೆ ಎಂಬುದು ಇಲ್ಲಿ ಮುಖ್ಯವಲ್ಲ, ಈ ವಾರ ಮಳೆ ಬಿಡುವು ಕೊಡುವ ಹೊಳವು ಸಿಕ್ಕೀತೇ ಎಂಬುದು ಮುಖ್ಯ. ಅಂಥ ಪ್ರಶ್ನೆಗೆ ಇಲಾಖೆ ಕೊಟ್ಟಷ್ಟು ನೆಟ್ಟಗಿನ ಉತ್ತರವನ್ನು ಉಳಿದ ಮೂವರೂ ಕೊಡಲಿಲ್ಲ.

ಪಂಚಾಂಗದ ಪರೀಕ್ಷೆ ಬೇಗ ಮುಗಿಯಿತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆಯ ಹೆಸರಿದೆ. ನಾಳೆ ಅಡಿಕೆ ಹರವಬಹುದೇ ಎಂದು ಕೇಳಿದರೆ ಅದು ಸ್ವಾತಿ ನಡೆಯುತ್ತಿದೆ ಎನ್ನುತ್ತದೆ. ‘ಬಂದರೆ ಮಘೆ, ಇಲ್ಲದಿದ್ದರೆ ಹೊಗೆ’ ಎಂಬ ಗಾದೆಯಂತೂ ಶೇಕಡಾ 40ಕ್ಕಿಂತ ಎಷ್ಟೋ ಮೊದಲೇ, ಎಂದೂ ಸುಳ್ಳಾಗದಂತೆ ಭವಿಷ್ಯ ಹೇಳುವ ಕಲೆಯನ್ನು ಸಿದ್ಧಿಸಿಕೊಂಡಿತ್ತು. ಇದರ ಮೇಲೆ ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರದ ದಿನಗಳು ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತವೆ. ಸಾವಿರ ವರ್ಷದ ಹಿಂದಿನ ಅನುಭವವನ್ನು ಗಾದೆ ಮಾಡಿದ್ದರೆ ಅದು ಈಗ ಒಂದು ಇಡೀ ನಕ್ಷತ್ರದಷ್ಟು ತಡವಾಗಿ ಓಡುತ್ತಿದೆ. ಜುಲೈನ ಹಲಗೆಯೇ ವಾಸಿ.

ಉಳಿದವನು ಕೊನೆಗೌಡ. ಮರದ ತುದಿಯಲ್ಲಿ ನಿಂತವನಿಗೆ ನಮಗಿಂತ ದೊಡ್ಡ ಆಕಾಶ ಕಾಣುತ್ತದೆ ಎಂಬುದೇ ಅವನ ಮೊದಲ ಅನುಕೂಲ. ಮಳೆಗಾಲದಲ್ಲಿ ಪಡುವಣಕ್ಕೆ ನೋಡುವ ಈತ ಅಕ್ಟೋಬರ್ ಬಂದೊಡನೆ ಮೂಡಣಕ್ಕೆ ತಿರುಗುತ್ತಾನೆ. ಹಿಂಗಾರಿನ ಗುಡುಗಿನ ಮೋಡ ಮುಂಡಗೋಡದ ಕಡೆಯಿಂದ ಏರಿ ಬರುತ್ತದೆ ಎಂದು ಅವನಿಗೆ ಯಾರೂ ಪಾಠ ಮಾಡಿಲ್ಲ. ‘ಹೆಗಡೇರೇ, ಊಟ ಆಮೇಲೆ ಮಾಡಿ, ಮೊದ್ಲು ಅಡಿಕೆ ಒಟ್ಟಿ’ ಎಂದು ಆತ ಮೇಲಿನಿಂದ ಕೂಗಿದಾಗ, ಆ್ಯಪ್ ಸೂರ್ಯನನ್ನು ತೋರಿಸುತ್ತಿದ್ದರೂ ನಾವು ಒಟ್ಟಿದೆವು, ಮಳೆ ಬಂದಿತು. ಆದರೆ ಕ್ಯಾಲೆಂಡರು ಇವನ ಬಗೆಗೂ ದಾಕ್ಷಿಣ್ಯ ತೋರಿಸಲಿಲ್ಲ. ಎರಡು ಮೂರು ತಾಸಿನೊಳಗಿನ ಮಾತಿನಲ್ಲಿ ಅವನನ್ನು ಮೀರಿಸಿದವರಿಲ್ಲ. ನಾಳೆಯ ಬಗ್ಗೆ ಕೇಳಿದರೆ ಅವನೂ ಹಲಗೆಯೂ ಸಮಸಮ. ಊರಿನಲ್ಲಿ ಅವನಿಗಿರುವ ಕೀರ್ತಿಯಲ್ಲಿ ಒಂದು ಪಾಲು, ನಿಜವಾದ ಮಾತುಗಳನ್ನು ಎಲ್ಲರೂ ನೆನಪಿಟ್ಟು, ತಪ್ಪಿದವುಗಳನ್ನು ಹನಿ ಒಣಗುವುದರೊಳಗೆ ಮರೆಯುವುದರಿಂದ ಬಂದದ್ದು.

ಈಗ ನಮ್ಮ ಮನೆಯಲ್ಲಿ ವಾರದ ಯೋಜನೆ ಇಲಾಖೆಯದು, ಮಧ್ಯಾಹ್ನದ ತೀರ್ಮಾನ ಕೊನೆಗೌಡನದು. ನಡುವಿನ ಹೊತ್ತಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಯಿದೆ. ಗ್ರಾಮ ಪಂಚಾಯಿತಿಗಳಲ್ಲಿ ಅವರು ನೆಟ್ಟಿರುವ ಮಳೆಮಾಪಕಗಳು ಭವಿಷ್ಯ ಹೇಳುವುದಿಲ್ಲ, ಈಗಾಗಲೇ ಬಿದ್ದದ್ದನ್ನು ಹೇಳುತ್ತವೆ. ಮೂಡಣದ ಪಂಚಾಯಿತಿಗಳಲ್ಲಿ ಬಿದ್ದಿದ್ದರೆ ತಾಡಪಾಲು ಹುಡುಕಲು ನಮಗೆ ಸಮಯ ಸಿಗುತ್ತದೆ. 2025ರ ಮೇ ತಿಂಗಳಿನಲ್ಲಿ ಬಳಕೆಗೆ ಬಂದ, ಪುಣೆಯ ಸಂಸ್ಥೆ ರೂಪಿಸಿದ 6 ಕಿಲೋಮೀಟರ್ ಚೌಕದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಘಟ್ಟವನ್ನೂ ಪೇಟೆಯನ್ನೂ ಬೇರೆಬೇರೆ ಚೌಕದಲ್ಲಿ ಕೂರಿಸುವಷ್ಟು ಸಣ್ಣದಾಗಿರುವುದರಿಂದ ಅದಕ್ಕೆ ಬರುವ ನವೆಂಬರಿನ ಕ್ಯಾಲೆಂಡರಿನಲ್ಲಿ ಒಂದು ಸಾಲು ಕಾದಿರಿಸಿದ್ದೇನೆ. ಮೊಬೈಲಿನ ಆ್ಯಪ್ ಮಾತ್ರ ಮೊನ್ನೆ ತಾನಾಗಿಯೇ ನವೀಕರಣಗೊಂಡು, ತನ್ನೊಳಗೆ ಈಗ ಕೃತಕ ಬುದ್ಧಿಮತ್ತೆ ಇದೆಯೆಂದು ಪ್ರಕಟಿಸಿ, ಶೇಕಡಾ 40 ಎನ್ನುತ್ತಿದ್ದಲ್ಲಿ ಶೇಕಡಾ 43 ಎನ್ನತೊಡಗಿದೆ. ಆ ಹೆಚ್ಚಿನ ಮೂರಕ್ಕೆ ಎಷ್ಟು ಅಡಿಕೆ ಒಟ್ಟಬೇಕೆಂದು ಆಯಿ ಕೇಳುತ್ತಿದ್ದಾಳೆ.