ಐವತ್ತು ಸರಕ್ಕೆ ಕೊಟ್ಟ ಮಣಿ ಮೂವತ್ತೊಂಬತ್ತಕ್ಕೇ ಮುಗಿಯಿತು

ಘಟಸ್ಥಾಪನೆಗೆ ಇನ್ನೂ ನಾಲ್ಕು ದಿನ ಇರುವಾಗಲೇ ಆ ಸಂದೇಶ ಈ ವರ್ಷವೂ ಬಂದಿತು. ನಮ್ಮ ಓಣಿಯ ಹೆಣ್ಣುಮಕ್ಕಳ ವಾಟ್ಸ್‌ಆಪ್ ಗುಂಪಿಗೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದರು: "ದಸರಾ, ದೀಪಾವಳಿ ವಿಶೇಷ. ಮನೆಯಲ್ಲೇ ಕುಳಿತು ಮಣಿ ಪೋಣಿಸಿ, ತಿಂಗಳಿಗೆ 15,000 ರೂಪಾಯಿ ಗಳಿಸಿ. ಸಾಮಗ್ರಿ ನಮ್ಮದು, ಕೈ ನಿಮ್ಮದು." ಸಂಸ್ಥೆಯ ಹೆಸರು ಬೇರೆಯಾಗಿದೆ, ಮೇಲಿನ ಲಕ್ಷ್ಮಿಯ ಚಿತ್ರ ಬೇರೆಯಾಗಿದೆ. "ಕೈ ನಿಮ್ಮದು" ಎಂಬ ಮಾತು ಮಾತ್ರ ಕಳೆದ ವರ್ಷದ್ದೇ. ಆಗಲೂ ಕೈ ನನ್ನದೇ ಆಗಿತ್ತು. ಕೈ ಕೊಟ್ಟವರು ಅವರು.

ಹತ್ತು ಜನರ ಮುಂದೆ ಹೇಳಿಕೊಳ್ಳುವಂಥ ಕಥೆ ಇದಲ್ಲ. ಆದರೂ ಹಬ್ಬದ ಖರ್ಚಿಗೆ ನಾಲ್ಕು ಕಾಸು ಆಗಲಿ ಎಂದುಕೊಂಡು ಯಾರಾದರೂ ಆ ನಂಬರಿಗೆ ಫೋನು ಮಾಡುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆಯ ನವನಗರದವಳು. ಹಳೆಯ ಊರಿನ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ಸೆಕ್ಟರ್‌ಗೆ ಬಂದು ನೆಲೆಸಿದ ನೂರಾರು ಮನೆಗಳಲ್ಲಿ ನಮ್ಮದೂ ಒಂದು. ಮಣಿಯ ಕೆಲಸ ನನಗೆ ಹೊಸದಲ್ಲ. ಆರೇಳು ವರ್ಷಗಳಿಂದ ಇಳಕಲ್ ಸೀರೆಯ ಕೆಂಪು ಸೆರಗಿಗೆ ಹೊಂದುವ ಸರ, ಓಲೆ ಮಾಡುತ್ತೇನೆ. ಹೊಲಿಗೆಯವರ ಅಂಗಡಿಯಲ್ಲಿ ಕುಪ್ಪಸ ಕತ್ತರಿಸಿ ಉಳಿದ ಗುಳೇದಗುಡ್ಡದ ಖಣದ ಚೂರುಗಳನ್ನು ಕೇಳಿ ತಂದು, ಮರದ ಗುಂಡುಗಳಿಗೆ ಸುತ್ತಿ ಹಾರ ಕಟ್ಟುತ್ತೇನೆ. ನವರಾತ್ರಿಯಿಂದ ಬಲಿಪಾಡ್ಯದವರೆಗಿನ ಒಂದು ತಿಂಗಳೇ ನನ್ನ ಸುಗ್ಗಿ. ಬೆಳಗಾವಿಗೆ ಹೋದಾಗಲೆಲ್ಲ ಮಣಿ ಕೊಂಡು ತರುತ್ತೇನೆ. 11ನೇ ನಂಬರಿನ ಮಣಿ ಸುಮಾರು ಎರಡು ಮಿಲಿಮೀಟರ್, 8ನೇ ನಂಬರಿನದು ಮೂರು, ನಂಬರು ಹೆಚ್ಚಿದಂತೆ ಮಣಿ ಸಣ್ಣದಾಗುತ್ತದೆ ಎಂಬುದೆಲ್ಲ ನನಗೆ ಗೊತ್ತಿದ್ದದ್ದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. "ಕೆಲಸ ಗೊತ್ತಿಲ್ಲದವರು ಮೋಸ ಹೋಗುತ್ತಾರೆ, ನನಗೇನು" ಎಂದು ನಾನೂ ಅಂದುಕೊಂಡಿದ್ದೆ.

ಕಳೆದ ವರ್ಷ ಆ ಸಂದೇಶ ನೋಡಿ ಕರೆ ಮಾಡಿದಾಗ ಫೋನಿನಲ್ಲಿ ಮಾತನಾಡಿದ ಹುಡುಗಿಯ ಕನ್ನಡ ನಮ್ಮ ಕಡೆಯದೇ. ಮಾತಿಗೊಮ್ಮೆ "ಅಕ್ಕಾ". ಲೆಕ್ಕ ಹೀಗೆ: ಒಂದು ಕಂತಿಗೆ ಐವತ್ತು ಸರ, ಪ್ರತಿ ಸರ ಮೂರೆಳೆಯದು, ಎಳೆಗಳು 16, 18, 20 ಇಂಚು. ಹನ್ನೆರಡು ದಿನದಲ್ಲಿ ಮುಗಿಸಬೇಕು. ಸರಕ್ಕೆ 120 ರೂಪಾಯಿ ಕೂಲಿ, ಒಟ್ಟು 6,000. ಮಣಿ ಮನೆಗೆ ಬರುವ ಮೊದಲು 3,500 ರೂಪಾಯಿ ಠೇವಣಿ ಕಟ್ಟಬೇಕು, ಮೊದಲ ಕಂತಿನ ಕೂಲಿಯ ಜೊತೆಗೇ ಅದು ವಾಪಸ್. ಬಾಂಡ್ ಕಾಗದದ ಮೇಲಿನ ಕರಾರಿನ ಫೋಟೊ ಕಳುಹಿಸಿದರು, ನಾನು ಸಹಿ ಮಾಡಿ ಮರಳಿ ಫೋಟೊ ಕಳುಹಿಸಿದೆ. ನಾಲ್ಕು ಪುಟ ಇತ್ತು. ಓದಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಅತ್ತೆಗೆ ಅಕ್ಷರ ಬಾರದು. ಕೊರಳಲ್ಲಿ ಅವರ ತವರಿನ ಬೋರಮಾಳ. ಅದನ್ನು ಬೆರಳಲ್ಲಿ ತಿರುವುತ್ತಾ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೂಲಿಗೆ ಕರೆದವನು ಕೂಲಿಯವಳ ಹತ್ತಿರವೇ ದುಡ್ಡು ಕೇಳುತ್ತಾನೆಯೇ?" "ಅದು ಠೇವಣಿ, ನಿಮಗೆ ತಿಳಿಯುವುದಿಲ್ಲ" ಎಂದುಬಿಟ್ಟೆ. ನನಗೆ ತಿಳಿಯಬೇಕಾಗಿದ್ದದ್ದು ಇನ್ನೊಂದಿತ್ತು. ಇಡೀ ಸರವೇ ಸಂತೆಯಲ್ಲಿ 150 ರೂಪಾಯಿಗೆ ಸಿಗುವಾಗ, ಬರೀ ಪೋಣಿಸುವುದಕ್ಕೆ 120 ರೂಪಾಯಿ ಯಾರು ಕೊಡುತ್ತಾರೆ? "ವಿದೇಶಕ್ಕೆ ಹೋಗುವ ಮಾಲು ಅಕ್ಕಾ, ಕ್ರಿಸ್‌ಮಸ್‌ಗೆ" ಎಂದಿದ್ದಳು ಹುಡುಗಿ. ವಿದೇಶ ಎಂದ ಕೂಡಲೇ ನಾವು ಗುಣಾಕಾರ ಬಿಟ್ಟುಬಿಡುತ್ತೇವೆ.

ಪೊಟ್ಟಣ ಬಂದಿತು. ಒಳಗೆ ಗುಲಾಬಿ ಬಣ್ಣದ 11ನೇ ನಂಬರಿನ ಮಣಿಯ ಚೀಲ, ಮೇಲೆ "500 ಗ್ರಾಂ" ಎಂಬ ಚೀಟಿ. ಬಂಗಾರದ ಬಣ್ಣದ ಗುಂಡುಗಳ ಒಂದು ಪುಡಿಕೆ, ದಾರದ ಉರುಳೆ, ಕೊಂಡಿಗಳು, ಎರಡು ಸೂಜಿ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಟವೆಲ್ ಹಾಸಿ ಒಂದು ಹಿಡಿ ಸುರಿದೆ. ಹಾಗೆ ಮಾಡಿದರೆ ಮಣಿ ಉರುಳುವುದಿಲ್ಲ, ಸೂಜಿಯ ಮೊನೆ ಆಡಿಸಿದರೆ ತಾನೇ ಏರುತ್ತದೆ. ಈ ಮಣಿ ಏರಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಎಷ್ಟೋ ಮಣಿಗಳ ತೂತು ಬಣ್ಣದಿಂದಲೇ ಮುಚ್ಚಿದೆ. ಕೆಲವು ದಪ್ಪ, ಕೆಲವು ಅಕ್ಕಿನುಚ್ಚಿನ ಹಾಗೆ ಚಪ್ಪಟೆ. ಅರ್ಧ ಗಂಟೆಯ ಹೊತ್ತಿಗೆ ಟವೆಲ್ ಗುಲಾಬಿಯಾಗಿತ್ತು, ನನ್ನ ಹೆಬ್ಬೆರಳೂ. ಒಳ್ಳೆಯ ಗಾಜಿನ ಮಣಿಯಲ್ಲಿ ಬಣ್ಣ ಗಾಜಿನಲ್ಲೇ ಇರುತ್ತದೆ, ಇದು ಮೇಲೆ ಬಳಿದದ್ದು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಉಜ್ಜಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಉಜ್ಜಿದೆ, ಹತ್ತಿ ಕೆಂಪಾಯಿತು, ಮಣಿ ಬೆಳ್ಳಗಾಯಿತು. ಬಂಗಾರದ ಬಣ್ಣದ ಗುಂಡುಗಳನ್ನು ಕೈಯಲ್ಲಿ ತೂಗಿದರೆ ಹಿತ್ತಾಳೆಯ ಭಾರವಿಲ್ಲ. ಅವು ವ್ಯಾಪಾರಿಗಳು ಸಿಸಿಬಿ ಎನ್ನುವ ಮಾಲು, ಒಳಗೆ ಪ್ಲಾಸ್ಟಿಕ್, ಮೇಲೆ ಲೋಹದ ಲೇಪ. ಇಷ್ಟೆಲ್ಲ ಮೊದಲ ದಿನವೇ ಕಂಡಿತ್ತು. ಮಾಲು ಅವರದು, ಮಾರುವವರೂ ಅವರು, ನನಗೆ ಕೂಲಿ ಬಂದರೆ ಸಾಕು ಎಂದುಕೊಂಡು ಸೂಜಿ ಎತ್ತಿಕೊಂಡೆ. ಈಗಲೂ ನನಗೆ ನಾಚಿಕೆಯಾಗುವುದು ಈ ಒಂದು ಮಾತಿಗೆ. ಯಾರದೋ ಕೊರಳಿಗೆ ಹೋಗುವ ಸರ ಅದು.

ದಸರೆಯ ರಜೆ. ಏಳನೇ ತರಗತಿಯ ಮಗಳು ಮಣಿ ಆರಿಸಿ ಕೊಡುತ್ತಿದ್ದಳು, ಅತ್ತೆ ಎಳೆಗಳನ್ನು ಹಿಡಿದು ಅಳೆಯುತ್ತಿದ್ದರು. ದಿನಕ್ಕೆ ಏಳೆಂಟು ಗಂಟೆ ಕುಳಿತೆವು. ಆ ವರ್ಷ ನನ್ನ ಖಣದ ಹಾರಗಳಿಗೆ ಬಂದ ಒಂಬತ್ತು ಬೇಡಿಕೆಗಳನ್ನು "ಆಗುವುದಿಲ್ಲ" ಎಂದು ವಾಪಸ್ ಕಳುಹಿಸಿದೆ. ಮಹಾನವಮಿಯ ಆಯುಧ ಪೂಜೆಗೆ ಆ ಸೂಜಿಗಳಿಗೂ ಕುಂಕುಮ ಹಚ್ಚಿದ್ದೆ. ಮರುದಿನ ಬನ್ನಿ ಕೊಟ್ಟು "ಬಂಗಾರದ ಹಾಗೆ ಇರೋಣ" ಎನ್ನಲು ಮನೆಮನೆಗೆ ಹೊರಟಾಗ ಮಗಳು ಒಂದು ಸರ ಹಾಕಿಕೊಂಡಳು. ಸಂಜೆ ಬಿಚ್ಚಿದಾಗ ಅವಳ ಬಿಳಿ ಅಂಗಿಯ ಕೊರಳಪಟ್ಟಿ ಗುಲಾಬಿ, ಕತ್ತಿನ ಹಿಂದೆಯೂ ಒಂದು ಗೆರೆ.

ಮೂವತ್ತೊಂಬತ್ತನೆಯ ಸರಕ್ಕೆ ಚೀಲ ಬರಿದಾಯಿತು.

ಮೊದಲು ನಾನೇ ಚೆಲ್ಲಿದೆನೇನೋ ಎಂದು ಮಂಚದ ಕೆಳಗೆಲ್ಲ ಗುಡಿಸಿದೆ. ಆಮೇಲೆ ಕೊಂಡಿ, ಗುಂಡು ಹಾಕದ ಮೂರೆಳೆಯೊಂದನ್ನು ನಮ್ಮ ಓಣಿಯ ಅಕ್ಕಸಾಲಿಗರ ಬಳಿ ಒಯ್ದು ತೂಗಿಸಿದೆ. ಒಂಬತ್ತು ಗ್ರಾಂ. ಲೆಕ್ಕವೂ ಅದಕ್ಕೆ ಒಪ್ಪುತ್ತದೆ: 11ನೇ ನಂಬರಿನ ಮಣಿ ಇಂಚಿಗೆ ಹದಿನೆಂಟು ಹಿಡಿಯುತ್ತದೆ, ಮೂರೆಳೆಗೆ ಒಟ್ಟು 54 ಇಂಚು ಎಂದರೆ ಸಾವಿರಕ್ಕೆ ತುಸು ಕಡಿಮೆ ಮಣಿ, ಗ್ರಾಮಿಗೆ ಸುಮಾರು ನೂರಹತ್ತು. ಐವತ್ತು ಸರಕ್ಕೆ 450 ಗ್ರಾಂ ಬೇಕು. ಚೀಲದಲ್ಲಿ 500 ಇದ್ದಿದ್ದರೆ ಕೆಟ್ಟ ಮಣಿ ತೆಗೆದರೂ ಸಾಲುತ್ತಿತ್ತು. ನಾನು ಬಳಸಿದ್ದು 351 ಗ್ರಾಂ, ಆರಿಸಿ ಎಸೆದದ್ದು ಸುಮಾರು ಇಪ್ಪತ್ತು. ಎಂದರೆ ಚೀಲ ಮನೆಗೆ ಬಂದಾಗಲೇ ನೂರಮೂವತ್ತು ಗ್ರಾಮಿನಷ್ಟು ಕಡಿಮೆ ಇತ್ತು. ಆದರೆ ಒಡೆದ ಚೀಲದ ತೂಕಕ್ಕೆ ಸಾಕ್ಷಿ ಯಾರು? ಅಕ್ಕಸಾಲಿಗರು ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು: "ಇದನ್ನು ಬಂದ ದಿನವೇ ತರಬೇಕಾಗಿತ್ತಮ್ಮಾ."

ಫೋನು ಮಾಡಿದೆ. ಹುಡುಗಿಗೆ ಆಶ್ಚರ್ಯವೇ ಆಗಲಿಲ್ಲ. "ಹೆಚ್ಚುವರಿ ಮಣಿಗೆ 850 ಕಟ್ಟಿಬಿಡಿ ಅಕ್ಕಾ, ಕೊನೆಯಲ್ಲಿ ಸೇರಿಸಿ ಕೊಡುತ್ತೇವೆ." ಕಟ್ಟಿದೆ. ಅದಾಗಲೇ ಮೂರೂವರೆ ಸಾವಿರ ಸಿಕ್ಕಿಕೊಂಡಿತ್ತಲ್ಲ, ಬಾವಿಗೆ ಬಿದ್ದ ಕೊಡ ತೆಗೆಯಲು ಹಗ್ಗವನ್ನೂ ಬಾವಿಗೇ ಬಿಟ್ಟ ಹಾಗೆ. ಎರಡನೆಯ ಪುಡಿಕೆಯ ಗುಲಾಬಿ ಬೇರೆಯೇ ಗುಲಾಬಿ, ಒಂದು ಛಾಯೆ ಕಂದು. ಹನ್ನೊಂದು ಸರ ಅದರಲ್ಲೇ ಮುಗಿಸಿ, 180 ರೂಪಾಯಿ ಕೊರಿಯರ್ ನಾನೇ ಕೊಟ್ಟು, ಹನ್ನೆರಡನೆಯ ದಿನ ಕಳುಹಿಸಿದೆ.

ಐದು ದಿನಗಳ ನಂತರ ಉತ್ತರ ಬಂದಿತು. ಮೂವತ್ತೊಂದು ಸರ ತಿರಸ್ಕೃತ. ಹನ್ನೊಂದಕ್ಕೆ "ಬಣ್ಣ ಹೊಂದಿಕೆಯಾಗಿಲ್ಲ", ಉಳಿದವಕ್ಕೆ "ಅಳತೆ ವ್ಯತ್ಯಾಸ": ನಡುವಿನ ಎಳೆ 18 ಇಂಚಿಗಿಂತ ಎರಡು ಮಿಲಿಮೀಟರ್ ಹೆಚ್ಚು. ಅವರೇ ಕೊಟ್ಟ ಮಣಿಗಳಲ್ಲಿ ಕೆಲವು ದಪ್ಪನೆಯವು ಬಂದರೆ ಸಾಕು, ಎರಡು ಮಿಲಿಮೀಟರ್ ಅಲ್ಲಿಗಲ್ಲಿಗೆ. ಆಗ ಕರಾರಿನ ಮೂರನೆಯ ಪುಟ ಓದಿದೆ. ನೂರಕ್ಕೆ ತೊಂಬತ್ತೈದು ಸರ ಒಪ್ಪಿತವಾಗದಿದ್ದರೆ ಕೂಲಿಯೂ ಇಲ್ಲ, ಠೇವಣಿಯೂ ಇಲ್ಲ, "ಸಾಮಗ್ರಿ ನಷ್ಟ" ಕೆಲಸಗಾರರ ಮೇಲೆ. ಐವತ್ತರಲ್ಲಿ ಮೂರು ತಪ್ಪಿದರೆ ಮುಗಿಯಿತು. ಇಂಥ ಮಣಿಯಲ್ಲಿ ಎಂಥ ಕಸುಬುದಾರನೂ ಅದನ್ನು ದಾಟಲಾರ. ಕೊರತೆಯ ಚೀಲ ಅವರ ಅಜಾಗರೂಕತೆ ಎಂದು ಅಲ್ಲಿಯವರೆಗೂ ನಂಬಿದ್ದೆ. ಅವರ ವ್ಯಾಪಾರವೇ ಅದು. ಅವರು ಸರ ಮಾರುವವರಲ್ಲ, ಠೇವಣಿ ತಿನ್ನುವವರು.

ವಾರ ಕಳೆಯುವುದರೊಳಗೆ "ವಕೀಲರ ನೋಟಿಸು" ಎಂಬ ತಲೆಬರಹದ ಕಡತ ಮೊಬೈಲಿಗೆ ಬಂದಿತು: ಮೂರು ದಿನದಲ್ಲಿ 7,500 ರೂಪಾಯಿ ಕಟ್ಟಬೇಕು, ಇಲ್ಲವಾದರೆ ನ್ಯಾಯಾಲಯ, ಪೊಲೀಸ್. ಆ ರಾತ್ರಿ ನಾನು ಊಟ ಮಾಡಲಿಲ್ಲ. ಗಂಡನಿಗೂ ಹೇಳದೆ ಓಲೆ ಅಡವಿಡುವ ಯೋಚನೆ ಮಾಡಿದ್ದೆ. ಬೆಳಿಗ್ಗೆ ಪಕ್ಕದ ಮನೆಯ ವಕೀಲರಿಗೆ ತೋರಿಸಿದರೆ ಅವರು ಕನ್ನಡಕ ಏರಿಸಿ ನಕ್ಕರು. ವಕೀಲರ ವಿಳಾಸವಿಲ್ಲ, ನೋಂದಣಿ ಸಂಖ್ಯೆಯಿಲ್ಲ, ಸಹಿ ಎಲ್ಲಿಂದಲೋ ಅಂಟಿಸಿದ್ದು. ನೋಟಿಸು ಬೇರೆ, ಸಮನ್ಸ್ ಬೇರೆ, ಸಮನ್ಸ್ ಬರುವುದು ನ್ಯಾಯಾಲಯದಿಂದ ಎಂದು ಬಿಡಿಸಿ ಹೇಳಿದರು. ಕರಾರಿನಲ್ಲಿ ದಂಡ ಎಷ್ಟೇ ಬರೆದಿರಲಿ, 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯಾಲಯ ಕೊಡಿಸುವುದು ಸಮಂಜಸ ಪರಿಹಾರವನ್ನು ಮಾತ್ರ ಎಂದರು. ವಂಚನೆಗೆ ಈಗ 420 ಇಲ್ಲವಂತೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಬಾಯಿಗೆ ಅಭ್ಯಾಸವಾದ ಒಂದು ಬೈಗುಳವೂ ಹೋಯಿತು.

ದುಡ್ಡು ಕಟ್ಟಲಿಲ್ಲ. ಆಮೇಲೆ ಯಾರೂ ಬರಲಿಲ್ಲ, ಯಾವ ಕಾಗದವೂ ಬರಲಿಲ್ಲ. ಸರಗಳನ್ನಾದರೂ ವಾಪಸ್ ಕೊಡಿ ಎಂದು ಬರೆದೆ, ನನ್ನ ನಂಬರನ್ನೇ ತಡೆದಿಟ್ಟರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು ಹಣ ಹೋಗಿ ತಿಂಗಳಾದ ಮೇಲೆ. ಹಣ ಇನ್ನೂ ಆ ಖಾತೆಯಲ್ಲಿದ್ದರೆ ತಡೆಹಿಡಿಯಲು ಸಾಧ್ಯ, ಅದಕ್ಕೆ ಗಂಟೆಗಳ ಲೆಕ್ಕ, ನನ್ನದು ವಾರಗಳ ಲೆಕ್ಕವಾಗಿತ್ತು. ದೂರು ದಾಖಲಾಗಿದೆ. 3,500, 850, 180 ಕೂಡಿದರೆ 4,530 ರೂಪಾಯಿ. ಬಿಟ್ಟುಕೊಟ್ಟ ಒಂಬತ್ತು ಹಾರಗಳನ್ನು ಇದರಲ್ಲಿ ಹಿಡಿದಿಲ್ಲ. ಹಿಡಿದರೆ ಹೊಟ್ಟೆ ಉರಿಯುತ್ತದೆ.

ಠೇವಣಿ ಇಲ್ಲದೆಯೂ ಹಬ್ಬದಲ್ಲಿ ಕೈ ಸುಡುತ್ತದೆ. ಅದೇ ದೀಪಾವಳಿಗೆ ಬಿದಿರು ಕಡ್ಡಿಯ ಆಕಾಶಬುಟ್ಟಿ ಮಾಡುವ ನನ್ನ ಗೆಳತಿಗೆ ಯಾರೋ ನಲವತ್ತು ಬುಟ್ಟಿ ಬೇಕೆಂದು, ಮುಂಗಡ ಕಳುಹಿಸಲು ಕ್ಯೂಆರ್ ಕೋಡ್ ಕೊಟ್ಟು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರು. ಒತ್ತಿದಳು, 4,000 ಹೋಯಿತು. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಡ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಅವಳು ಅಂದೇ 1930ಕ್ಕೆ ಹೇಳಿದ್ದರಿಂದ ಸ್ವಲ್ಪವಾದರೂ ಸಿಕ್ಕಿತು.

ಪೋಣಿಸಿ ಕೊಡುವ ಕೆಲಸವೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ನಿಜವಾಗಿ ಕೆಲಸ ಕೊಡುವವರೂ ಇದ್ದಾರೆ. ಅವರು ಕೊಡುವ ಕೂಲಿ ಕೇಳಿದರೆ ಮುಖ ಸಿಂಡರಿಸುವಷ್ಟು ಕಡಿಮೆ. ಮಣಿಯನ್ನು ನಮ್ಮೆದುರೇ ತೂಗಿ ಕೊಡುತ್ತಾರೆ, ಸರವನ್ನು ನಮ್ಮೆದುರೇ ತೂಗಿ ತೆಗೆದುಕೊಳ್ಳುತ್ತಾರೆ, ಹತ್ತು ಸರಕ್ಕೆ ಹತ್ತು ಸರದ ದುಡ್ಡು ಆಗಲೇ ಎಣಿಸಿ ಕೊಡುತ್ತಾರೆ.

ಈ ಸಲದ ಸಂದೇಶದ ನಂಬರಿಗೆ ನಾನೇ ಕರೆ ಮಾಡಿದೆ. ಅದೇ ಧ್ವನಿ, ಅದೇ "ಅಕ್ಕಾ". ಪೂರ್ತಿ ಕೇಳಿಸಿಕೊಂಡೆ. ಠೇವಣಿ ಈಗ 4,000. "ಆಯಿತು, ಪೊಟ್ಟಣ ಬಂದ ಕೂಡಲೇ ಅಕ್ಕಸಾಲಿಗರ ತಕ್ಕಡಿಯ ಮೇಲಿಟ್ಟು, ನಿನ್ನನ್ನು ವಿಡಿಯೊ ಕರೆಯಲ್ಲಿ ಇಟ್ಟುಕೊಂಡೇ ಒಡೆಯುತ್ತೇನೆ. ಠೇವಣಿಯನ್ನು ಮೊದಲ ಕಂತಿನ ಕೂಲಿಯಲ್ಲಿ ಮುರಿದುಕೊಳ್ಳಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಿಮ್ಮದು ಯಾವ ಊರು ಅಕ್ಕಾ?"

"ಬಾಗಲಕೋಟೆ."

ಫೋನು ಕಡಿತಗೊಂಡಿತು. ಮೋಸದ ಕರೆ, ಸಂದೇಶಗಳ ಬಗ್ಗೆ ತಿಳಿಸಲು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿರುವ ಚಕ್ಷು ವಿಭಾಗದಲ್ಲಿ ಆ ನಂಬರನ್ನು ಅಂದೇ ದಾಖಲಿಸಿದ್ದೇನೆ. ನಮ್ಮ ಓಣಿಯ ಗುಂಪಿನಿಂದ ಸಂದೇಶ ಅಳಿಸಿ ಹೋಗಿದೆ. ನಿನ್ನೆ ಮಗಳ ಶಾಲೆಯ ತಾಯಂದಿರ ಗುಂಪಿನಲ್ಲಿ ಮತ್ತೆ ಕಂಡಿತು, ತಿಂಗಳಿಗೆ 15,000 ಇದ್ದದ್ದು ಅಲ್ಲಿ 20,000 ಆಗಿದೆ.