ಎಂಬತ್ತೋ ನೂರೋ, ಗೇರೋ ನ್ಯೂಟ್ರಲ್ಲೋ: ಒಂದೇ ಕಾರಿನಲ್ಲಿ ಮೈಲೇಜ್ ಹೋಲಿಕೆ

ಮೈಲೇಜ್ ಹೆಚ್ಚಿಸುವ ಉಪಾಯವನ್ನು ಕೇಳಿದರೆ ಕಾರು ಓಡಿಸುವ ಪ್ರತಿಯೊಬ್ಬರೂ ಒಂದೊಂದನ್ನು ಹೇಳುತ್ತಾರೆ, ಮತ್ತು ಅವುಗಳಲ್ಲಿ ಹಲವು ಒಂದಕ್ಕೊಂದು ವಿರುದ್ಧವಾಗಿರುತ್ತವೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಬೇಕು ಎನ್ನುವವರಿದ್ದಾರೆ, ಗೇರಿನಲ್ಲೇ ಬಿಡಬೇಕು ಎನ್ನುವವರೂ ಇದ್ದಾರೆ. ಮೆಲ್ಲಗೆ ವೇಗ ಏರಿಸುವುದೇ ಸರಿ ಎಂದು ಕೆಲವರು ವಾದಿಸಿದರೆ, ಬೇಗ ಮೇಲಿನ ಗೇರಿಗೆ ಹೋಗುವುದು ಮುಖ್ಯ ಎಂದು ಇನ್ನು ಕೆಲವರು ಹೇಳುತ್ತಾರೆ. ಹೀಗೆ ಎದುರುಬದುರು ನಿಲ್ಲುವ ವಿಧಾನಗಳನ್ನು ನಾನು ಒಂದೇ ಕಾರಿನಲ್ಲಿ, ಸಾಧ್ಯವಾದ ಮಟ್ಟಿಗೆ ಒಂದೇ ರಸ್ತೆಯಲ್ಲಿ, ಜೋಡಿ ಜೋಡಿಯಾಗಿ ಪರೀಕ್ಷಿಸಿದ್ದೇನೆ. ಕಾರು ಒಂದು ಲೀಟರ್ ಎಂಜಿನ್ನಿನ, ಐದು ಗೇರುಗಳ ಪೆಟ್ರೋಲ್ ವ್ಯಾಗನ್ ಆರ್. ಎತ್ತರದ ಮೈಕಟ್ಟಿನ ಕಾರಾದ್ದರಿಂದ ಗಾಳಿಯ ತಡೆ ಇದಕ್ಕೆ ಸ್ವಲ್ಪ ಹೆಚ್ಚೇ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಅಳತೆಯ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮೈಲೇಜ್ ಅಂಕಿ ಬಹುಮಟ್ಟಿಗೆ ಉದಾರವಾಗಿರುತ್ತದೆ. ಒಂದೇ ರಸ್ತೆಯಲ್ಲಿ ಎರಡು ವಿಧಾನಗಳನ್ನು ತೂಗಿ ನೋಡಲು ಅದು ಸಾಕು, ನಿಜವಾದ ಲೆಕ್ಕಕ್ಕೆ ಸಾಲದು. ಆದ್ದರಿಂದ ಒಂದೇ ಬಂಕಿನಲ್ಲಿ, ನಾಜಲ್ ತಾನಾಗಿ ನಿಲ್ಲುವವರೆಗೆ ಮಾತ್ರ ಟ್ಯಾಂಕ್ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸಿದ ಅಂಕಿಯನ್ನೇ ನಂಬಿದ್ದೇನೆ. ಟೈರ್‌ಗಳು ತಣ್ಣಗಿರುವಾಗ, ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ಹೇಳಿದಷ್ಟೇ ಗಾಳಿ ಹೊಡೆಸುತ್ತಿದ್ದೆ. ಇದನ್ನು ನಿರ್ಲಕ್ಷಿಸಿದರೆ ಉಳಿದ ಯಾವ ಹೋಲಿಕೆಗೂ ಅರ್ಥವಿರುವುದಿಲ್ಲ. ಇಂಧನವೂ ಒಂದೇ ಆಗಿರಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಿಂದ ಲೀಟರೊಂದಕ್ಕೆ ದೊರೆಯುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆಯಿರುವುದರಿಂದ, ಹಳೆಯ ಪುಸ್ತಕದಲ್ಲಿ ಬರೆದಿಟ್ಟ ಅಂಕಿಗಳನ್ನು ಇಂದಿನ ಅಂಕಿಗಳ ಪಕ್ಕದಲ್ಲಿಟ್ಟು ಚಾಲನೆಯ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಮೊದಲ ಜೋಡಿ ಹೆದ್ದಾರಿಯ ವೇಗ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿಯಿದೆ, ಸಿಗ್ನಲ್ ಇಲ್ಲ, ಉಬ್ಬುಗಳಿಲ್ಲ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳೆಲ್ಲ ಬೈಪಾಸಿನಲ್ಲಿ ಪಕ್ಕಕ್ಕೆ ಉಳಿಯುತ್ತವೆ. ಇಂಥ ಹೋಲಿಕೆಗೆ ಇದಕ್ಕಿಂತ ಅನುಕೂಲವಾದ ರಸ್ತೆ ನಮ್ಮಲ್ಲಿ ಕಡಿಮೆ. ಆದರೆ ಹೋಗುವ ದಾರಿಯ ಅಂಕಿಯನ್ನು ಮಾತ್ರ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದ್ದರೆ ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಹೋಗುವಾಗ ಒಟ್ಟಾರೆ ಇಳಿಕೆ, ಬರುವಾಗ ಏರಿಕೆ. ಇದರ ಮೇಲೆ ಮುಂಗಾರಿನ ತಿಂಗಳುಗಳಲ್ಲಿ ನೈಋತ್ಯದ ಗಾಳಿ ಮೈಸೂರಿನತ್ತ ಹೋಗುವ ಕಾರಿಗೆ ಎದುರಾಗುತ್ತದೆ. ಹೋಗಿಬರುವ ಎರಡೂ ದಾರಿಗಳನ್ನು ಕೂಡಿಸಿದ ಸರಾಸರಿಯೇ ಸರಿಯಾದ ಅಂಕಿ.

ಆ ಸರಾಸರಿ ಹೀಗಿದೆ: ಎಸಿ ಹಾಕಿ, ಐದನೆಯ ಗೇರಿನಲ್ಲಿ ನೂರರ ಆಸುಪಾಸಿನಲ್ಲಿ ಓಡಿಸಿದಾಗ ಲೀಟರಿಗೆ ಸುಮಾರು 18 ಕಿಲೋಮೀಟರ್, ಎಂಬತ್ತರಲ್ಲಿ ಸುಮಾರು 22. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಯಾದ್ದರಿಂದ, ಎಂಬತ್ತರಿಂದ ನೂರಕ್ಕೆ ಹೋದಾಗ ಗಾಳಿಯನ್ನು ಸೀಳಲು ಪ್ರತಿ ಕಿಲೋಮೀಟರಿಗೂ ಒಂದೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕಾಗುತ್ತದೆ. ಸುಮಾರು 118 ಕಿಲೋಮೀಟರಿನ ಈ ರಸ್ತೆಯಲ್ಲಿ ನೂರರ ವೇಗದಿಂದ ಉಳಿಯುವ ಸಮಯ ಹದಿನೆಂಟು ನಿಮಿಷಕ್ಕಿಂತ ಕಡಿಮೆ. ಅದಕ್ಕೆ ತೆರುವ ಬೆಲೆ ಒಂದು ಲೀಟರಿಗಿಂತ ಹೆಚ್ಚು ಪೆಟ್ರೋಲ್. ಆ ಹದಿನೆಂಟು ನಿಮಿಷವಾದರೂ ಬೆಂಗಳೂರಿನ ಬಾಗಿಲಲ್ಲಿ, ಕೆಂಗೇರಿಯ ಮೊದಲ ವಾಹನಸಾಲಿನಲ್ಲಿ, ಬಹುಪಾಲು ಕರಗಿಹೋಗುತ್ತದೆ. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ಬಹುಕಾಲದಿಂದ 45ರಿಂದ 55 ಕಿಲೋಮೀಟರ್ ವೇಗವನ್ನು ಶಿಫಾರಸು ಮಾಡುತ್ತ ಬಂದಿದೆ, ಮತ್ತು ಇಂಧನದ ದೃಷ್ಟಿಯಿಂದ ಅದು ಸರಿಯೇ. ಆದರೆ ಲಾರಿಗಳೂ ಅದಕ್ಕಿಂತ ವೇಗವಾಗಿ ಹೋಗುವ ಇಂಥ ರಸ್ತೆಯಲ್ಲಿ ಆ ವೇಗದ ಕಾರು ಹಿಂದಿನವರಿಗೆ ತೊಡಕಾಗುತ್ತದೆ. ಹೆದ್ದಾರಿಯಲ್ಲಿ ನನ್ನ ಮಟ್ಟಿಗೆ ಎಂಬತ್ತೇ ಗೆದ್ದ ವೇಗ, ಮತ್ತು ಅಲ್ಲಿ ಉಳಿದ ಎಲ್ಲ ಉಪಾಯಗಳಿಗಿಂತಲೂ ಹೆಚ್ಚು ಉಳಿಸಿದ್ದು ಈ ಒಂದೇ ಬದಲಾವಣೆ.

ಎರಡನೆಯ ಜೋಡಿಯ ವಿಷಯದಲ್ಲಿ ವಾದ ಹೆಚ್ಚು: ಇಳಿಜಾರಿನಲ್ಲಿ ನ್ಯೂಟ್ರಲ್ಲೋ, ಗೇರೋ? ನ್ಯೂಟ್ರಲ್ ಪಕ್ಷದವರ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇದ್ದ ಹಳೆಯ ಎಂಜಿನ್ನುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ತಿರುಗುತ್ತಿರುವ ಎಂಜಿನ್ ಪೆಟ್ರೋಲನ್ನು ಎಳೆದುಕೊಳ್ಳುತ್ತಲೇ ಇರುತ್ತಿತ್ತು; ಸುತ್ತು ಕಡಿಮೆಯಾದಷ್ಟೂ ಖರ್ಚು ಕಡಿಮೆ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ, ಕಂಪ್ಯೂಟರ್ ನಿಯಂತ್ರಿಸುವ ಇಂಜೆಕ್ಷನ್ ವ್ಯವಸ್ಥೆ ನಮ್ಮ ಸಣ್ಣ ಕಾರುಗಳಿಗೂ ಬಂದ ಮೇಲೆ ಲೆಕ್ಕ ತಿರುಗಿಬಿತ್ತು. ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಸುತ್ತು ಸಾಕಷ್ಟು ಮೇಲಿದ್ದರೆ, ಇಂಜೆಕ್ಟರುಗಳು ಇಂಧನವನ್ನು ಸಂಪೂರ್ಣ ನಿಲ್ಲಿಸುತ್ತವೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಉಳಿಯಲು ಪೆಟ್ರೋಲ್ ಸುಡಲೇಬೇಕು.

ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಗುಂಡ್ಯದತ್ತ ಇಳಿಯುವ ಶಿರಾಡಿ ಘಾಟಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿಯುವಾಗ ಕ್ಷಣಕ್ಷಣದ ಮೈಲೇಜ್ ತೋರಿಸುವ ಪಟ್ಟಿ ತುದಿ ಮುಟ್ಟಿ ಅಲ್ಲೇ ನಿಲ್ಲುತ್ತದೆ, ಎಂಜಿನ್ನಿನ ಹಿಡಿತವೇ ಕಾರನ್ನು ತಡೆಯುವುದರಿಂದ ತಿರುವುಗಳಲ್ಲಿ ಮಾತ್ರ ಬ್ರೇಕ್ ಮುಟ್ಟಿದರೆ ಸಾಕಾಗುತ್ತದೆ. ಇದೇ ಇಳಿಜಾರನ್ನು ನ್ಯೂಟ್ರಲ್‌ನಲ್ಲಿ ಇಳಿಯುವವರು ಸ್ವಲ್ಪ ಪೆಟ್ರೋಲ್ ಸುಡುತ್ತ, ಇಡೀ ಕಾರಿನ ಭಾರವನ್ನು ಬ್ರೇಕಿನ ಮೇಲೆ ಹಾಕುತ್ತಾರೆ. ಬ್ರೇಕ್ ವಿಪರೀತ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ಈ ವಿಧಾನವನ್ನು ನಾನು ಘಾಟಿಯಲ್ಲಿ ಪರೀಕ್ಷಿಸಲೇ ಇಲ್ಲ, ಪರೀಕ್ಷಿಸುವ ಅಗತ್ಯವೂ ಇರಲಿಲ್ಲ. ಎಂಜಿನ್ ಆರಿಸಿ ಇಳಿಯುವುದಂತೂ ಹುಚ್ಚುತನ: ಸ್ಟಿಯರಿಂಗಿಗೆ ಸಿಗುವ ನೆರವು ನಿಲ್ಲುತ್ತದೆ, ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕಿನ ನೆರವೂ ಹೋಗುತ್ತದೆ.

ಆದರೆ ನ್ಯೂಟ್ರಲ್ ಪಕ್ಷಕ್ಕೆ ಪೂರ್ತಿ ಸೋಲು ಎಂದರೆ ಅದೂ ಸತ್ಯವಲ್ಲ. ಹಾಸನದ ದಾರಿಯಲ್ಲಿ ಬರುವಂಥ ಉದ್ದನೆಯ, ಬಹಳ ಸೌಮ್ಯವಾದ ಇಳಿಜಾರುಗಳಲ್ಲಿ ಗೇರಿನಲ್ಲಿ ಕಾಲು ಬಿಟ್ಟರೆ ಎಂಜಿನ್ ಹಿಡಿದು ವೇಗ ಕುಗ್ಗುತ್ತದೆ, ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ. ನ್ಯೂಟ್ರಲ್‌ನಲ್ಲಿ ಕಾರು ದೂರ ಉರುಳುತ್ತದೆ. ಲೆಕ್ಕದಲ್ಲಿ ಅಲ್ಲಿ ನ್ಯೂಟ್ರಲ್ ಗೆಲ್ಲುತ್ತದೆ, ಆದರೆ ಅಂಥ ತುಂಡುಗಳು ಕಿರಿದು, ಉಳಿತಾಯ ಕೆಲವು ಹತ್ತು ಮಿಲಿಲೀಟರುಗಳದು. ತಟ್ಟನೆ ದನ ಅಡ್ಡ ಬಂದಾಗ ಗೇರ್ ಇಲ್ಲದ ಕಾರನ್ನು ನಿಭಾಯಿಸುವ ಗೊಡವೆ ಅಷ್ಟಕ್ಕೆ ಬೇಡ. ಐದನೆಯ ಗೇರಿನಲ್ಲೇ ಕಾಲನ್ನು ಅತಿ ಹಗುರವಾಗಿ ಇಟ್ಟುಕೊಳ್ಳುವುದು ನನಗೆ ಒಪ್ಪುವ ಮಧ್ಯಮಾರ್ಗ.

ನಗರದೊಳಗೆ ಹೋಲಿಕೆಯ ಸ್ವರೂಪವೇ ಬೇರೆ. ಹೆಬ್ಬಾಳದಿಂದ ಟಿನ್ ಫ್ಯಾಕ್ಟರಿಯತ್ತ ಹೊರವರ್ತುಲ ರಸ್ತೆಯಲ್ಲಿ ಗಾಳಿಯ ತಡೆಗೆ ಬೆಲೆಯಿಲ್ಲ. ಪೆಟ್ರೋಲನ್ನು ಸುಟ್ಟು ಗಳಿಸಿದ ವೇಗವನ್ನು ಬ್ರೇಕಿನಲ್ಲಿ ಬಿಸಿಯಾಗಿ ಕಳೆಯುವುದೇ ಇಲ್ಲಿನ ದೊಡ್ಡ ನಷ್ಟ. ಮೊಟ್ಟೆಯನ್ನು ಪಾದದ ಕೆಳಗಿಟ್ಟುಕೊಂಡವರಂತೆ ಮೆಲ್ಲಮೆಲ್ಲನೆ ವೇಗ ಏರಿಸುವ ಕ್ರಮವನ್ನೂ, ಆಕ್ಸಿಲರೇಟರನ್ನು ಮಧ್ಯಮವಾಗಿ ಒತ್ತಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಲುಪುವ ಹೊತ್ತಿಗೆ ಮೇಲಿನ ಗೇರಿಗೆ ಹೋಗುವ ಕ್ರಮವನ್ನೂ ಹೋಲಿಸಿದಾಗ ಗುರುತಿಸುವಂಥ ವ್ಯತ್ಯಾಸ ಸಿಗಲಿಲ್ಲ. ಸಿಕ್ಕ ಸ್ವಲ್ಪವೂ ಎರಡನೆಯದರ ಪರವಾಗಿತ್ತು. ಇದಕ್ಕೆ ಕಾರಣವಿದೆ. ಪೆಟ್ರೋಲ್ ಎಂಜಿನ್ನಿಗೆ ಅರೆಮುಚ್ಚಿದ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಮೂಲಕ ಗಾಳಿ ಎಳೆಯುವುದೇ ಒಂದು ಶ್ರಮ, ಆದ್ದರಿಂದ ಕೆಳಗಿನ ಗೇರಿನಲ್ಲಿ ಹಗುರವಾಗಿ ತೆವಳುವುದಕ್ಕಿಂತ ಮೇಲಿನ ಗೇರಿನಲ್ಲಿ ಸ್ವಲ್ಪ ಗಟ್ಟಿಯಾಗಿ ದುಡಿಸುವುದು ಲಾಭ. ಎಂಜಿನ್ ನಡುಗುವಷ್ಟು ಬೇಗ ಗೇರ್ ಏರಿಸುವುದು ಮಾತ್ರ ಬೇಡ.

ಬದಲಾಗಿ, ಮುಂದಿನ ಮೂರು ನಾಲ್ಕು ವಾಹನಗಳ ಆಚೆಗೆ ದೃಷ್ಟಿಯಿಟ್ಟು, ಕೆಂಪು ದೀಪ ದೂರದಿಂದಲೇ ಕಂಡಾಗ ಗೇರಿನಲ್ಲಿ ಕಾಲು ಬಿಟ್ಟು ಉರುಳುತ್ತ ಹೋಗುವುದಕ್ಕೂ, ಖಾಲಿ ಜಾಗ ಕಂಡಲ್ಲೆಲ್ಲ ನುಗ್ಗಿ ಬ್ರೇಕ್ ಹಾಕುವುದಕ್ಕೂ ಇರುವ ಅಂತರ ಬಹಳ ದೊಡ್ಡದು: ಮೊದಲನೆಯದಕ್ಕೆ ಲೀಟರಿಗೆ ಹದಿನೈದರ ಮೇಲೆ, ಎರಡನೆಯದಕ್ಕೆ ಹನ್ನೆರಡರ ಹತ್ತಿರ. ಮೊದಲನೆಯ ಕ್ರಮದ ತೊಂದರೆಯೆಂದರೆ ಮುಂದಿನ ವಾಹನಕ್ಕೆ ಬಿಟ್ಟ ಅಂತರದೊಳಗೆ ಆಟೋ ಅಥವಾ ಸ್ಕೂಟರ್ ತೂರಿಕೊಳ್ಳುತ್ತದೆ. ತೂರಿಕೊಂಡರೆ ಮತ್ತೊಂದಿಷ್ಟು ಅಂತರ ಬಿಡಬೇಕು. ಅದಕ್ಕೆ ಸಹನೆ ಬೇಕೇ ಹೊರತು ಪೆಟ್ರೋಲ್ ಬೇಕಾಗಿಲ್ಲ.

ಸಿಗ್ನಲ್‌ನಲ್ಲಿ ಎಂಜಿನ್ ಆರಿಸುವುದರಿಂದ ಇಷ್ಟು ಗಾತ್ರದ ಎಂಜಿನ್ನಿನಲ್ಲಿ ನಿಮಿಷಕ್ಕೆ ಸುಮಾರು ಹತ್ತು ಮಿಲಿಲೀಟರ್ ಉಳಿಯುತ್ತದೆ, ಎಸಿ ಓಡುತ್ತಿದ್ದರೆ ಇನ್ನೂ ಹೆಚ್ಚು. ಸೆಕೆಂಡುಗಳ ಎಣಿಕೆ ಕಾಣುವ ಸಿಗ್ನಲ್‌ಗಳಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿದಿದ್ದರೆ ಆರಿಸುತ್ತೇನೆ. ಎಣಿಕೆಯಿಲ್ಲದ ಕಡೆ, ತೆವಳುವ ಸಾಲಿನಲ್ಲಿ, ಆರಿಸುವುದಿಲ್ಲ.

ಎಸಿ ಮತ್ತು ಕಿಟಕಿಯ ನಡುವಿನ ಸ್ಪರ್ಧೆಯ ಫಲಿತಾಂಶ ವೇಗದ ಮೇಲೆ ನಿಂತಿದೆ. ನಗರದ ವೇಗದಲ್ಲಿ ಕಿಟಕಿ ತೆರೆಯುವುದೇ ಅಗ್ಗ, ಹೊಗೆ ಮತ್ತು ಧೂಳನ್ನು ಸಹಿಸುವುದಾದರೆ. ಎಂಬತ್ತರಲ್ಲಿ ನಾಲ್ಕೂ ಕಿಟಕಿ ತೆರೆದು ಓಡಿಸಿದಾಗ ಮಾತ್ರ ಎಸಿ ಹಾಕಿದ್ದಕ್ಕಿಂತ ಉತ್ತಮವಾದ ಅಂಕಿ ನನಗೆ ಬರಲಿಲ್ಲ, ಜೊತೆಗೆ ಗಾಳಿಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹೀಗಾಗಿ ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿಕೊಳ್ಳುತ್ತೇನೆ. ನಗರದಲ್ಲಿ ಬೆಳಗಿನ ತಂಪಿನ ಹೊತ್ತಿಗೆ ಕಿಟಕಿ, ಮಾರ್ಚ್–ಏಪ್ರಿಲ್‌ನ ಮಧ್ಯಾಹ್ನಕ್ಕೆ ಪೆಟ್ರೋಲಿನ ಲೆಕ್ಕ ನೋಡದೆ ಎಸಿ.